ಅಸಲಿ ಬೋಲ್ಟು, ಬೇರೆ ಕೋವೀದು

...ಕೋವಿ ಅಂದ್ರೆ ಬರೀ ನಳಿಗೆ ಅಲ್ಲ ಕಣ್ರೋ. ನಿಮ್ಮ ತಾತ ಮಿಲಿಟರೀಲಿ ಕೋವಿ ರಿಪೇರಿ ಮಾಡ್ತಿದ್ರಲ್ಲ, ಅಂಬಾಲ, ಜಬಲ್ಪುರ, ಆಮೇಲೆ ಅಸ್ಸಾಂ, ಅಲ್ಲಲ್ಲ, ಅಸ್ಸಾಂ ಮೊದ್ಲು, ಹೋದಲ್ಲೆಲ್ಲ ಪಕ್ಕದಲ್ಲಿ ಕೂತು ಯಾವ ಭಾಗ ಅಸಲಿ, ಯಾವುದು ಆಮೇಲೆ ಹಾಕಿದ್ದು ಅಂತ ನೋಡೋದು ಕಲ್ತೆ. ಬೇರೆ ಹೆಂಗಸರು ಸ್ವೆಟರ್ ಹೆಣೆಯೋದು ಕಲ್ತ್ರು.

ಹೋದ ಎಲೆಕ್ಷನ್ನಾಗೆ ತಾವರೆಕೆರೆಯಿಂದ ನನ್ನ ತಮ್ಮ ರಂಗಪ್ಪ ಫೋನ್ ಮಾಡ್ದ. "ಅಕ್ಕಾ, ಸ್ಟೇಷನ್ನಾಗೆ ಕೂರಿಸ್ಕಂಡವ್ರೆ, ಬಾ." ಎಲೆಕ್ಷನ್ ಬಂದ್ರೆ ಲೈಸೆನ್ಸ್ ಕೋವಿ ಅಲ್ಲಿ ಕೊಡ್ಬೇಕಲ್ಲ, ನಮ್ಮಪ್ಪನ ಹಳೇ ಮಿಲಿಟರಿ ರೈಫಲ್ ತಗೊಂಡು ಹೋಗವ್ನೆ. ಹೊಸ ಇನ್ಸ್‌ಪೆಕ್ಟರ್ ನೋಡಿದ್ರೆ ಕೋವಿ ಮೈಮೇಲೆ ಒಂದು ನಂಬರು, ಬೋಲ್ಟ್ ಮೇಲೆ ಇನ್ನೊಂದು. ಬೋಲ್ಟು ಅಂದ್ರೆ ಗುಂಡನ್ನ ಒಳಕ್ಕೆ ತಳ್ಳೋ ಸರಳು, ಎರಡರ ಮೇಲೂ ಒಂದೇ ನಂಬರ್ ಇರ್ಬೇಕು. "ಎರಡನೇ ಕೋವಿ ಎಲ್ಲಿ ಬಚ್ಚಿಟ್ಟಿದ್ದೀಯ?" ಅಂತ ಅದೊಂದೇ ಪ್ರಶ್ನೆ. ಕೇಸಾದ್ರೆ ಜೈಲು.

ಹೋದೆ. ಕೋವಿ ತೋರಿಸಪ್ಪ ಅಂದಿದ್ದಕ್ಕೆ ಇನ್ಸ್‌ಪೆಕ್ಟರ್ ನಕ್ಕ. "ಅಜ್ಜಿ, ಇದು ಒಲೆ ಊದೋ ಕೊಳವೆ ಅಲ್ಲ."

"ಗೊತ್ತು ಕಣಪ್ಪ. ಆಗಿದ್ರೆ ನೀನು ಹಿಡ್ಕಂಡಿರೋ ರೀತಿಗೆ ಬೂದಿ ನಿನ್ನ ಕಣ್ಣಿಗೇ ಬೀಳ್ತಿತ್ತು."

ರಂಗಪ್ಪ ಪಿಸುಗುಟ್ಟಿದ. "ಡೂಪ್ಲಿಕೇಟು, ಅಂಗಡೀಲಿ ಹಾಕ್ಸಿದ್ದು ಅನ್ನಕ್ಕ. ಬುಟ್ಬುಡ್ತಾರೆ."

ನೋಡ್ದೆ. ಹಿಡಿಯ ಮರ ಹೊಸದು, ಸಿರಾ ಬಡಗಿ ಕೂರ್ಸಿದ್ದು. ಬೋಲ್ಟು ಹಂಗಲ್ಲ. ನಂಬರನ್ನ ಹೊಸದಾಗಿ ಕುಟ್ಟಿದ್ರೆ ಅಂಚು ಉಗುರಿಗೆ ತಗುಲುತ್ತೆ, ಇದು ಸವೆದು ನುಣ್ಣಗಾಗಿತ್ತು. "ಇದು ಅಸಲೀನೇ, ಆದ್ರೆ ಈ ಕೋವೀದಲ್ಲ" ಅಂದ್ಬುಟ್ಟೆ.

ರಂಗಪ್ಪನ ಮುಖ ಬಿಳಿಚ್ಕಂತು. ಇನ್ಸ್‌ಪೆಕ್ಟರ್ ರೈಟರ್ ಕಡೆ ತಿರುಗಿ, "ಬರ್ಕೊಳ್ರೀ" ಅಂದ.

ಬೋಲ್ಟನ್ನ ಕಿಟಕಿ ಬೆಳಕಿಗೆ ಹಿಡಿದೆ. ಮತ್ತೆ ನೋಡಿದ್ರೆ ಅಂಕಿ ಸಂದೀಲಿ ಅರಿಶಿನ. "ಲೇ ರಂಗ, ಆಯುಧಪೂಜೇಲಿ ಇದನ್ನ ಎಲ್ಲಿ ಬಿಚ್ತೀಯ?"

"ಕೊರಟಗೆರೆ ದೊಡ್ಡಪ್ಪನ ಮನೇಲಿ. ಅವರ ಮಗ ಕೆಂಪಣ್ಣಂದೂ ಇಂಥದ್ದೇ ಕೋವಿಯಲ್ಲ, ಎರಡರ ಬೋಲ್ಟೂ ಒಂದೇ ತಟ್ಟೇಲಿ ಸೀಮೆಎಣ್ಣೆಗೆ ಹಾಕಿ, ತೊಳ್ದು, ಅರಿಶಿನ ಕುಂಕುಮ ಇಟ್ಟು..." ಅಂದೋನೇ ಹಣೆ ಚಚ್ಕಂಡ.

ಕೆಂಪಣ್ಣಂಗೆ ಫೋನ್ ಹಚ್ಚಿ, ಕೋವಿ ತಗೊಂಡು ಸ್ಟೇಷನ್ನಿಗೆ ಬಾ ಅಂದೆ. "ನಾನ್ಯಾಕಕ್ಕ ಬಂದು ಸಿಕ್ಕಾಕಳ್ಳಿ?"

"ರಂಗನ ಬೋಲ್ಟು ನಿನ್ನ ಕೋವೀಲೈತೆ. ಇವತ್ತು ನೀನಾಗೇ ತಂದ್ರೆ ತಪ್ಪಾಯ್ತು ಅನ್ಬೋದು. ನಾಳೆ ಅವ್ರೇ ಹುಡುಕ್ಕಂಡು ಬಂದ್ರೆ ಏನಂತೀಯ?"

ಫೋನ್ ಇಟ್ಬುಟ್ಟ. ಬತ್ತೀನಿ ಅಂತಲೂ ಇಲ್ಲ, ಬರಲ್ಲ ಅಂತಲೂ ಇಲ್ಲ. ಮೂರು ಗಂಟೆ ಕಣ್ರೋ, ರಂಗಪ್ಪ ನೀರೂ ಕುಡೀಲಿಲ್ಲ, ನಾನು ಬಾಗಿಲಿಂದ ಕಣ್ಣು ತೆಗೀಲಿಲ್ಲ. ಆಮೇಲೆ ಬಂದ, ಬೈಕಲ್ಲಿ, ಕೋವೀನ ದುಪ್ಪಟೀಲಿ ಸುತ್ಕಂಡು, ಮಗೂನ ಆಸ್ಪತ್ರೆಗೆ ತಂದೋನಂಗೆ.

ಇನ್ಸ್‌ಪೆಕ್ಟರ್ ನಾಕೂ ನಂಬರ್ ಎರಡೆರಡು ಸಲ ಓದಿದ. ಬೋಲ್ಟ್ ಅದಲು ಬದಲು ಮಾಡ್ದ. ಎರಡು ಕೋವಿಗೂ ನಂಬರ್ ಸರಿಹೋಯ್ತು. ಇಬ್ಬರ ಹತ್ರಾನೂ ನಡೆದಿದ್ದು ಬರೆಸ್ಕಂಡು, ಕೋವಿ ಇಟ್ಕಂಡು, ಮನೇಗೆ ಕಳಿಸ್ದ.

ಹೊರಗೆ ಬಂದು ರಂಗಪ್ಪ, "ಡೂಪ್ಲಿಕೇಟ್ ಅಂದಿದ್ರೆ ಮಧ್ಯಾಹ್ನಾನೇ ಹೋಗ್ಬೋದಿತ್ತಕ್ಕ" ಅಂದ.

"ಹೋಗ್ತಿದ್ದೆ ಕಣ್ಲಾ. ಯಾವ ಅಂಗಡಿ ಅಂತ ಅವ್ರು ಕೇಳೋಗಂಟ."

ಅದಕ್ಕೇ ಹೇಳೋದು, ಎರಡು ಮನೆ ಸಾಮಾನು ಒಂದೇ ತಟ್ಟೇಲಿ ತೊಳೀಬ್ಯಾಡ್ರಿ. ತೊಳೆದ್ರೂ, ಯಾರದ್ದು ಯಾವುದು ಅಂತ ನೋಡಿ ಎತ್ಕಳಿ.