ನಿನ್ನ ಹೆಸರಿನ ಖಾತೆ

...ಹಾಗಲ್ಲ ಕಣೋ, ಕೂತ್ಕೋ. ಮ್ಯಾನೇಜರ್ ಮೇಡಂ ಇನ್ನೂ ಕರೆದಿಲ್ಲ, ಬಾಗಿಲು ಹಾಕೇ ಇದೆ. ಕರೆದಾಗ ಒಂದೇ ಮಾತು ಹೇಳು, ಕೈತಪ್ಪಿ ಆಯ್ತು ಅಂತ. ಮುಗೀತು. ನಿನ್ನ ಭಾವ ನಾನು ಇಲ್ಲೇ ಹೊರಗೆ ಇರ್ತೀನಿ.

ತಲೆ ಯಾಕೆ ಅಲ್ಲಾಡಿಸ್ತೀಯ? ನೀನೇ ಮಾಡಿದೆ ಅಂತ ನಾನೆಲ್ಲಿ ಅಂದೆ? ಸರ್ವರ್ ಅನ್ನುತ್ತಪ್ಪಾ. ಒಂದೊಂದು ಸರ್ವರ್ ಒಳಗೂ ಒಂದು ಪುಟ್ಟ ಕಾರ್ಡ್ ಇರುತ್ತಲ್ಲ, ಮನೇಲಿ ಕೂತೇ ಅದನ್ನ ಆನ್ ಆಫ್ ಮಾಡೋಕೆ ಅಂತ... ಆ ಕಾರ್ಡಲ್ಲಿರೋ ದಾಖಲೆ ಹೇಳ್ತಿದೆ, ನಾವು ನೋಡ್ಕೊಳ್ಳೋ ಆಸ್ಪತ್ರೆಯವರ ಸರ್ವರ್ ಆಫ್ ಮಾಡಿದ್ದು ನಿನ್ನ ಹೆಸರಿನ ಲಾಗಿನ್ ಖಾತೆ ಅಂತ. ಅದಕ್ಕೇನು ನಿನ್ನ ಮೇಲೆ ಹಗೆಯಾ?

ನೀನು ಹೊಸಬ. ಹೊಸಬರು ತಪ್ಪು ಮಾಡಿದ್ರೆ ಬೈದು ಬಿಡ್ತಾರೆ. ನನ್ನಂಥವನು ಮಾಡಿದ್ರೆ ಮನೆಗೆ ಕಳಿಸ್ತಾರೆ... ಯಾಕೆ ನಗ್ತೀಯ? ಕೆಲಸ ಕಾಯಂ ಆಗಲ್ಲ ಅಂತಾನಾ? ಆಗುತ್ತೆ. ಸ್ವಲ್ಪ ತಡ ಆಗಬಹುದು. ಸರಿ, ಆಗದೇನೂ ಇರಬಹುದು, ನಿನ್ನ ಹತ್ರ ಸುಳ್ಳು ಯಾಕೆ.

ನಿನ್ನ ಅಕ್ಕ ಬೆಳಿಗ್ಗೆ ಫೋನ್ ಮಾಡಿದ್ಲು. "ನನ್ನ ತಮ್ಮ ಅಂಥವನಲ್ಲ ರೀ" ಅಂತಾಳೆ. ನನಗೆ ಗೊತ್ತಿಲ್ವಾ? ಮತ್ತೆ ಮಾಡಿದಾಗ ಎತ್ತೋಕೆ ಮನಸ್ಸೇ ಬರಲಿಲ್ಲ.

ಯಾರಿಗಾದ್ರೂ ಆಗುತ್ತೆ ಕಣೋ. ಎರಡು ಸರ್ವರ್‌ಗಳ ಪುಟ ಸ್ಕ್ರೀನ್ ಮೇಲೆ ಪಕ್ಕಪಕ್ಕ ತೆರೆದಿರುತ್ತೆ, ಹಾಳಾದ್ದು, ಮೇಲೆ ಹೆಸರೂ ಇರಲ್ಲ, ಬರೀ ನಂಬರು. ಮೂಲೇಲಿ ಬಿದ್ದಿರೋ ಹಳೇ ಸರ್ವರ್ ಅಂದ್ಕೊಂಡು ಒತ್ತಿದ್ರೆ ಪಕ್ಕದ್ದು ಆಫ್ ಆಗುತ್ತೆ. ಅಲ್ಲಿ ಆಸ್ಪತ್ರೆ ಕೌಂಟರಲ್ಲಿ ಜನ ಸಾಲಲ್ಲಿ ನಿಂತೇ ಇದ್ರಂತೆ, ಯಾರ ರಿಪೋರ್ಟೂ ತೆರೀಲಿಲ್ವಂತೆ. ಕೈಕಾಲು ತಣ್ಣಗಾಗಿಹೋಯ್ತು... ಆಗುತ್ತಲ್ವಾ, ಯಾರಿಗಾದ್ರೂ.

ಹಾಗೆ ನೋಡ್ಬೇಡ. ನನ್ನ ಖಾತೇಲಿ ಆಫ್ ಮಾಡೋಕೇ ಬರಲ್ಲ. ಹೋದ ವರ್ಷ ಒಂದು ಗಲಾಟೆ ಆದ್ಮೇಲೆ ಮೇಡಂ ಅದನ್ನ ಬರೀ ನೋಡೋಕೆ ಮಾತ್ರ ಅಂತ ಮಾಡಿಸಿಬಿಟ್ರು. ಇಷ್ಟು ವರ್ಷ ದುಡಿದವನಿಗೆ! ಬೇರೆಯವರಿಗೆ ಖಾತೆ ಮಾಡಿಕೊಡೋ ಹಕ್ಕು ಕಿತ್ಕೊಳ್ಳೋದು ಮಾತ್ರ ಮರೆತರು. ಅದೊಂದು ಉಳಿದಿತ್ತು ನನ್ನ ಕೈಲಿ.

ಹೌದು, ನಿನ್ನ ಖಾತೆ ಮಾಡಿದ್ದೂ ನಾನೇ. ನೀನು ಸೇರಿದ ದಿನವೇ. ಎಲ್ಲ ಹಕ್ಕೂ ಹಾಕ್ದೆ, ನಮ್ಮ ಹುಡುಗ ಮುಂದೆ ಬರಲಿ ಅಂತ. ತಪ್ಪಾ? ಪಾಸ್‌ವರ್ಡ್ ಬದಲಾಯಿಸ್ಕೋ ಅಂತ ಆಗಲೇ ಹೇಳಿದ್ದೆ. ಹೇಳಿದ್ದೆ ತಾನೇ? ಹೇಳಿರಲಿಲ್ವಾ?

ಏನಾದ್ರೂ ಅನ್ನೋ. ಬೈಯೋದಾದ್ರೂ ಬೈ.

ಬಾಗಿಲು ತೆಗೆದ್ರು ನೋಡು. ಬಂದೆ ಮೇಡಂ, ಒಂದು ನಿಮಿಷ. ನೀನು ಏಳ್ಬೇಡ. ಇಲ್ಲಿ ನೋಡು ನನ್ನ ಕಡೆ... ಅಂಥದ್ದೊಂದು ಖಾತೆ ಇದೆ ಅಂತಾನೇ ನಿನಗೆ ಗೊತ್ತಿರಲಿಲ್ಲ, ಅಲ್ವಾ?

ಆ ಪಾಸ್‌ವರ್ಡ್ ನಾನು ನಿನಗೆ ಕೊಟ್ಟೇ ಇರಲಿಲ್ಲ.