ತಿಂಗಳ ಬಲಿಪೂಜೆಗೆ ಹೊರಟ ಬಸ್ಸು

ಅಣ್ಣ ಫಿನ್‌ಬಾರ್ ತೀರಿಕೊಂಡು ತಿಂಗಳಾಗಿತ್ತು. ಅವನ ಆತ್ಮಶಾಂತಿಗಾಗಿ ಊರ ಚರ್ಚಿನಲ್ಲಿ ನಡೆಯುವ ತಿಂಗಳ ಬಲಿಪೂಜೆಗೆ ಹೊರಟ ಡಿಂಫ್ನಾ ಬಸ್ಸಿನ ಕಿಟಕಿಗೆ ತಲೆಯಾನಿಸಿದ್ದಳು. ಹೊರಗೆ ಮೇಯೋ ಸೀಮೆಯ ಜೌಗು ಬಯಲು ಮಂಜಿನಲ್ಲಿ ತೇಲುತ್ತಿತ್ತು. ಕಾದಂಬರಿ, ನಾಟಕ, ಪದ್ಯ ಎಲ್ಲದರಲ್ಲೂ ಊರವರ ಗುಟ್ಟುಗಳನ್ನೇ ಬರೆದವನಿಗಾಗಿ ಪ್ರಾರ್ಥಿಸಲು ಊರು ಬಂದೀತೇ ಎಂಬುದೇ ಅವಳ ಚಿಂತೆ. ಹಿಂದಿನ ಸೀಟಿನಲ್ಲಿ ಇಬ್ಬರು ಹೆಂಗಸರು ಮಾತಾಡುತ್ತಿದ್ದರು.

“ಫಿನ್‌ಬಾರ್ ನಮ್ಮಮ್ಮನ್ನ ನಾಟಕದಲ್ಲಿ ಜಿಪುಣಿ ಮಾಡ್ಬಿಟ್ಟ ಕಣೇ.”

“ನಿಮ್ಮಮ್ಮ ಜಿಪುಣೀನೇ ಅಲ್ವಾ?”

“ಹೌದು. ಆದ್ರೂ ಹೊಸ ಕೋಟು ಹಾಕ್ಕೊಂಡು ದಿನಾ ನೋಡೋಕೆ ಹೋಗ್ತಿದ್ಲು!”

“ನಮ್ಮಪ್ಪ ಅವನ ಕಾದಂಬರೀಲಿ ಹಂದಿ ಕದೀತಾನೆ. ಅಪ್ಪನ ದನಿ ಕೇಳ್ಬೇಕು ಅನ್ಸಿದಾಗೆಲ್ಲ ಅದನ್ನೇ ಓದ್ತೀನಿ.”

ಚರ್ಚಿನ ಮುಂದೆ ಬಸ್ಸು ನಿಂತಿತು.

“ಬೇಗ ಇಳಿಯೇ. ಅವನು ಯಾರ್ಯಾರ ಬಗ್ಗೆ ಬರೆದಿದ್ನೋ ಅವರೆಲ್ಲ ಬಂದಿರ್ತಾರೆ, ಕೂರೋಕೆ ಜಾಗ ಸಿಗಲ್ಲ.”

ಇಬ್ಬರೂ ಇಳಿದು ಮಂಜಿನೊಳಗೆ ನಡೆದರು. ಡಿಂಫ್ನಾ ಶಿಲುಬೆಯ ಗುರುತು ಮಾಡಿಕೊಂಡಳು.