ಮೆರ್ಲ್ ಅವರ ಕೊನೆಯ ಪುಸ್ತಕಕ್ಕಾಗಿ ಒಂದು ಫೋನು

ಸೇರಿರುವ ಎಲ್ಲರಿಗೂ ನಮಸ್ಕಾರ. ಲಾಯ್ಡ್, ರೋಸ್ಲಿನ್ — ಹೆಂಡತಿಯನ್ನು, ತಾಯಿಯನ್ನು ಕಳೆದುಕೊಂಡ ನಿಮ್ಮಿಬ್ಬರಿಗೆ ಏನು ಹೇಳಿದರೂ ಕಡಿಮೆಯೇ. ಇಡೀ ವಾಲರೂ ಊರು ನಿಮ್ಮ ಬೆನ್ನ ಹಿಂದೆ ಕುಳಿತಿದೆ, ಒಮ್ಮೆ ತಿರುಗಿ ನೋಡಿ. ಅಡಿಲೇಡ್‌ನಿಂದ ಬಂದವರಿದ್ದೀರಿ, ಮೂಂಟಾದ ಓದುಗರ ಬಳಗದವರಿದ್ದೀರಿ. ನಾನು ಬ್ರೆಂಡನ್. ಮೆರ್ಲ್ ಟ್ರೆಗೊನಿಂಗ್ ಅವರ ವಿಮರ್ಶೆಗಳು ಶನಿವಾರ ಶನಿವಾರ ಅಚ್ಚಾಗುತ್ತಿದ್ದವಲ್ಲ — ಪತ್ರಿಕೆಯ ಆ ಪುಸ್ತಕ ಪುಟವನ್ನು ನೋಡಿಕೊಳ್ಳುವವನು.

ಒಂದು ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನಾಡಿದ್ದು ನಿಮಗೆ ನಾನು ಮೋಸ ಮಾಡಿದೆ ಅನ್ನಿಸೀತು. ಮೆರ್ಲ್ ಅವರ ಕೊನೆಯ ಕಾದಂಬರಿ ‘ಗೋಧಿ ಹಡಗು’ ಈ ವಾರ ಅಂಗಡಿಗೆ ಬರುತ್ತಿದೆ. ಶನಿವಾರದ ಪತ್ರಿಕೆಯಲ್ಲಿ ಅದರ ವಿಮರ್ಶೆ ಇದೆ. ಬರೆದವನು ನಾನು. ಪುಸ್ತಕ ಸೋತಿದೆ — ಎಂದು ಬರೆದಿದ್ದೇನೆ.

ಗುಸುಗುಸು ಕೇಳಿಸುತ್ತಿದೆ. ಬೈಯಿರಿ, ತಪ್ಪಿಲ್ಲ. ಆದರೆ ಪೂರ್ತಿ ಕೇಳಿ ಬೈಯಿರಿ.

ಮೆರ್ಲ್ ಯಾರು ಎಂದು ನಿಮಗೆ ಹೇಳಬೇಕೇ? ತಾಮ್ರದ ಗಣಿಗೆ ಬಂದವರ ಮೊಮ್ಮಗಳು. ಕಡೀನಾದ ಶಾಲೆಯಲ್ಲಿ ಪಾಠ ಹೇಳುತ್ತಾ, ಅಡುಗೆಮನೆಯ ಮೇಜಿನ ಮೇಲೆ ‘ತಾಮ್ರದ ನೀರು’ ಬರೆದವರು. ಆ ಮೊದಲ ಕಾದಂಬರಿ ಬಂದಾಗ ಊರಿಗೆ ಊರೇ ಮುಖ ತಿರುಗಿಸಿತ್ತು — ಇಲ್ಲಿ ಕೆಲವರಿಗೆ ನೆನಪಿದೆ, ತಲೆ ತಗ್ಗಿಸುವುದು ಬೇಡ. ಮಾಂಸದಂಗಡಿಯಲ್ಲಿ ಒಬ್ಬ ಹೆಂಗಸು ಅಡ್ಡ ನಿಂತು ಕೇಳಿದರಂತೆ: “ಆ ಜಿಪುಣಿ ಅತ್ತೆ ನಾನೇ ತಾನೆ?”

“ಅಲ್ಲ ಕಣ್ರೀ,” ಅಂದರಂತೆ ಮೆರ್ಲ್. “ನೀವು ಅದಕ್ಕಿಂತ ಜಿಪುಣಿ. ಬರೆದ್ರೆ ಯಾರೂ ನಂಬಲ್ಲ ಅಂತ ಬಿಟ್ಬಿಟ್ಟೆ.”

ನಗಬಹುದು. ಅವರಿದ್ದರೆ ಅವರೂ ನಗುತ್ತಿದ್ದರು.

ಕಾದಂಬರಿಯಲ್ಲಿ ಅವರು ಯಾರ ಕೈಯನ್ನೂ ಬಿಟ್ಟವರಲ್ಲ. ‘ತಂಗಿಯ ಪಾಲು’ ಓದಿದವರಿಗೆ ಗೊತ್ತು, ಮನೆ ಮುರಿದ ಆ ಕುಡುಕನಿಗೂ ಒಂದು ಒಳ್ಳೆಯ ಬೆಳಗು ಸಿಗುತ್ತದೆ. ಆದರೆ ವಿಮರ್ಶೆಗೆ ಕೂತರೆ — ಮುಖ ನೋಡಿ ಮಣೆ ಹಾಕಿದ್ದೇ ಇಲ್ಲ. ಗೆಳತಿಯ ಪುಸ್ತಕ, ಪ್ರಶಸ್ತಿ ಬಂದ ಪುಸ್ತಕ, ಅವರಿಗೇ ಅರ್ಪಿಸಿದ ಪುಸ್ತಕ — ಎಲ್ಲಕ್ಕೂ ಒಂದೇ ತಕ್ಕಡಿ.

ಆದರೂ ಅವರಿಗೊಂದು ಪದ್ಧತಿ ಇತ್ತು. ಕಟುವಾಗಿ ಬರೆದರೆ, ಅಚ್ಚಾಗುವ ಮೊದಲು ಆ ಲೇಖಕನಿಗೆ ತಾವೇ ಫೋನು ಮಾಡುವುದು. ನಾನು ಕಣ್ಣಾರೆ ನೋಡಿದ್ದೇನೆ. ಪೋರ್ಟ್ ಲಿಂಕನ್‌ನ ಒಬ್ಬ ಹೊಸ ಲೇಖಕ. ಮೆರ್ಲ್ ಅವರ ಎರಡೂ ಕೈಯಲ್ಲಿ, ಮಾಂಸ ತುಂಬಿದ ಕಡುಬಿನಂಥ ಪೇಸ್ಟಿಯ ಹಿಟ್ಟು; ಫೋನು ಇಲ್ಲಿ, ಕಿವಿಗೂ ಭುಜಕ್ಕೂ ನಡುವೆ — ಹೀಗೆ. “ನೋಡಪ್ಪ, ನಾಳೆ ಪೇಪರ್ ತಗೋಬೇಡ. ದೋಣಿ ತಗೊಂಡು ಸಮುದ್ರಕ್ಕೆ ಹೋಗು. ತಗೊಂಡ್ರೆ ಮಾತ್ರ ಪೂರ್ತಿ ಓದು, ಅರ್ಧಕ್ಕೇ ಹರೀಬೇಡ.” ಆ ಹುಡುಗ ಬೈಯಲು ಶುರುಮಾಡಿದ. ಇವರು ಹಿಟ್ಟು ಲಟ್ಟಿಸುವುದನ್ನು ನಿಲ್ಲಿಸಿ ಪೂರ್ತಿ ಕೇಳಿದರು. “ಮುಗೀತಾ? ಸರಿ, ಇನ್ನು ಮುಂದಿನ ಪುಸ್ತಕ ಬರಿ,” ಅಂದರು. ಪೇಸ್ಟಿ ಒಲೆಗೆ ಹೋದ ಮೇಲೆ ಹೊರಗೆ ಹಿತ್ತಲಲ್ಲಿ ನಿಂತು ಅತ್ತರು. ಅದು ಆ ಹುಡುಗನಿಗೆ ಇವತ್ತಿಗೂ ಗೊತ್ತಿಲ್ಲ.

ಇನ್ನೊಂದು. ತುಂಬ ದೊಡ್ಡ ಲೇಖಕರೊಬ್ಬರು ತೀರಿಕೊಂಡು, ಅವರ ಅರೆಬೆಂದ ಕಾದಂಬರಿ ಹೊರಬಂದಾಗ ಎಲ್ಲರೂ ಕಣ್ಣೀರಿಟ್ಟು ಹೊಗಳಿದರು. ಮೆರ್ಲ್ ಮಾತ್ರ ಇದು ಬೆಂದಿಲ್ಲ ಎಂದು ಬರೆದರು. “ಸತ್ತವರ ಮೇಲೆ ಕಲ್ಲೆಸೀತಾರಾ ಯಾರಾದ್ರೂ?” ಎಂದು ನಾನೇ ಜಗಳಕ್ಕೆ ಹೋದೆ. “ಸತ್ತೋರಿಗೆ ಹೂ ಕೊಡು, ಬ್ರೆಂಡನ್. ಪುಸ್ತಕಕ್ಕೆ ಹೂ ಕೊಟ್ರೆ ಅದೂ ಸತ್ತಿದೆ ಅಂತ ಒಪ್ಪಿಕೊಂಡ ಹಾಗೆ,” ಅಂದರು.

ಕಾಯಿಲೆ ಮಲಗಿಸಿದ ಮೇಲೆ ನನ್ನನ್ನು ಕರೆಸಿದರು. “ಈ ಪುಸ್ತಕದ ಬಗ್ಗೆ ನೀನೇ ಬರಿ. ಬೇರೆಯವರು ಹಾರ ಹಾಕ್ತಾರೆ. ನಂಗೆ ಹಾರ ಸಾಕಾಗಿದೆ.” ನಾನು ಹೂಂ ಅಂದೆ. ಪುಸ್ತಕ ಚೆನ್ನಾಗಿಯೇ ಇರುತ್ತದೆ ಎಂದುಕೊಂಡಿದ್ದೆ — ಮೆರ್ಲ್ ಬರೆದದ್ದಲ್ಲವೇ. ಚೆನ್ನಾಗಿರಲಿಲ್ಲ. ಮಧ್ಯದಲ್ಲಿ ಹಡಗು ನಿಂತೇ ಹೋಗುತ್ತದೆ. ಜನ ಬರುತ್ತಾರೆ, ಮಾತಾಡುತ್ತಾರೆ, ಯಾರಿಗೂ ಏನೂ ಬೇಕಾಗಿರುವುದಿಲ್ಲ. ನಾನು ಎರಡು ಸಲ ಓದಿದೆ. ತಪ್ಪು ನನ್ನದೇ ಇರಲಿ ದೇವರೇ ಎಂದುಕೊಂಡು ಓದಿದೆ.

ಬರೆದಾದ ಮೇಲೆ ಅವರ ಪದ್ಧತಿಯಂತೆ ಫೋನು ಮಾಡಬೇಕಲ್ಲ — ಯಾರಿಗೆ ಮಾಡಲಿ? ಲಾಯ್ಡ್‌ಗೆ ಮಾಡಿದೆ. ಮೊನ್ನೆ, ಬೆಳಿಗ್ಗೆ. ಇದನ್ನು ಹೇಳಲು ಅವರ ಒಪ್ಪಿಗೆ ಕೇಳಿಯೇ ಹೇಳುತ್ತಿದ್ದೇನೆ.

ಅವರು, “ಒಂದು ತಿಂಗಳು ತಡೆಯೋಕಾಗ್ತಿರ್ಲಿಲ್ವಾ ಮಾರಾಯ,” ಅಂದರು. ಮತ್ತೆ ಅವರೇ ಕೇಳಿದರು: “ಇಡೀ ಪುಸ್ತಕದಲ್ಲಿ ಒಂದೂ ಚೆನ್ನಾಗಿಲ್ವಾ?”

“ಒಂದು ಪುಟ ಇದೆ,” ಅಂದೆ. “ಅಂಥ ಪುಟ ಅವರು ಹಿಂದೆ ಯಾವತ್ತೂ ಬರೆದಿರಲಿಲ್ಲ.” ಸಮುದ್ರದೊಳಕ್ಕೆ ಚಾಚಿದ ಜೆಟ್ಟಿಯ ತುದಿಯಲ್ಲಿ ವಯಸ್ಸಾದ ಗಂಡ ಹೆಂಡತಿ ಗಾಳ ಹಾಕಿ ಕೂತಿದ್ದಾರೆ. ಮೀನು ಸಿಕ್ಕಿಲ್ಲ, ಚಳಿ ಹತ್ತಿದೆ. ಗಂಡ ಖಾಲಿ ಬಕೆಟ್ ಎತ್ತಿಕೊಂಡು ಏಳುತ್ತಾನೆ. ಹೆಂಡತಿ, ಇನ್ನೊಂದು ಸಲ ಹಾಕೋಣ ಅನ್ನುತ್ತಾಳೆ. ಏನೂ ಸಿಗುವುದಿಲ್ಲ ಎಂದು ಅವನಿಗೆ ಗೊತ್ತು. ಬಕೆಟ್ ಕೆಳಗಿಡುತ್ತಾನೆ. ಅಷ್ಟೇ ಆ ಪುಟ.

ಲಾಯ್ಡ್ ಹೇಳಿದರು: “ಎಲ್ಲಕ್ಕಿಂತ ಕಡೇಲಿ ಬರ್ದಿದ್ದು ಅದೇ. ಆಸ್ಪತ್ರೇಲಿ. ಅವಳ ಕೈ ಏಳ್ತಿರ್ಲಿಲ್ಲ. ಅವಳು ಹೇಳಿದ್ಲು, ನಾನು ಬರ್ಕೊಂಡೆ. ‘ಬಕೆಟ್ ಕೆಳಗಿಟ್ಟ’ ಅಂದ್ಲು. ‘ಸಾಕು’ ಅಂದ್ಲು.”

ಅಷ್ಟು ಹೇಳಿ ಫೋನು ಇಟ್ಟರು. ನಿನ್ನೆ ಒಪ್ಪಿಗೆ ಕೇಳಿದಾಗಲೂ, “ಹೇಳ್ಕೋ” — ಅಷ್ಟೇ.

ಆ ಪುಟದ ಬಗ್ಗೆ ವಿಮರ್ಶೆಯಲ್ಲಿ ಬರೆದಿದ್ದೇನೆ. ಉಳಿದದ್ದರಲ್ಲಿ ಒಂದು ಸಾಲನ್ನೂ ಬದಲಿಸಿಲ್ಲ. ಮೆರ್ಲ್ ನನಗೆ ಕಲಿಸಿದ್ದನ್ನು ಮೆರ್ಲ್ ಮೇಲೆಯೇ ಮಾಡಿದ್ದೇನೆ, ನನಗೆ ಅವರು ತುಂಬ ಬೇಕಾಗಿದ್ದರು. ಲಾಯ್ಡ್ ನನ್ನನ್ನು ಕ್ಷಮಿಸಿದ್ದಾರೋ ಇಲ್ಲವೋ, ನನಗೆ ಗೊತ್ತಿಲ್ಲ. ಕ್ಷಮಿಸಲೇಬೇಕೆಂದು ಕೇಳುವ ಹಕ್ಕೂ ನನಗಿಲ್ಲ.

ಈಗ ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಎರಡು ನಿಮಿಷ ಮಾತು ಬೇಡ. ಅವರು ಬರೆದದ್ದರಲ್ಲಿ ನಿಮ್ಮೊಂದಿಗೆ ಉಳಿದಿರುವ ಯಾವುದಾದರೂ ಒಂದು ಸಾಲನ್ನು ಮನಸ್ಸಿಗೆ ತಂದುಕೊಳ್ಳಿ.

ಲಾಯ್ಡ್, ನಿಮಗೆ ಮಂಡಿ ನೋವು, ನೀವು ಕೂತೇ ಇರಿ ಅನ್ನಬೇಕೆಂದಿದ್ದೆ —

ನೀವೇ ಎಲ್ಲರಿಗಿಂತ ಮೊದಲು ಎದ್ದಿದ್ದೀರಿ.